ಎರಡು ಸಾವಿರದ ಎರಡು, ಜನವರಿ ಒಂದು

ಗುಂಡಿ ಒತ್ತಿ, ಒಲಿಮ್ಯಾಲೆ ಚಾ ಇಡತೀನಿ.
ಚಾ ಉಕ್ಕೂದಕ್ಕೂ ಪರದಿ ನೀಲಿ ಆಗೂದಕ್ಕೂ ಸರಿಹೋಗತೈತಿ.
ಬೆಟಗೇರಿ ಓಣ್ಯಾಗ ನನ್ನ ಅಂಗಡಿ:
ಲಗ್ನಪತ್ರಿಕಿ, ಬಿಲ್ ಬುಕ್ಕು, ಶ್ರದ್ಧಾಂಜಲಿ ಬ್ಯಾನರು,
ತೊಟ್ಟಿಲ ಕಾರ್ಯಕ್ರಮದ ಗುಲಾಬಿ ಕಾರ್ಡು.
ಮುಚ್ಚಿಹೋದ ಪತ್ತಿನ ಸಂಘದ ಲಿಲಾವಿನಾಗ
ಮೂರು ಸಾವಿರದ ಇನ್ನೂರಕ್ಕ ಹಿಡಿದ ಕಂಪ್ಯೂಟರು.
ಬೆನ್ನಮ್ಯಾಲೆ ಇನ್ನೂ ಅವರ ಬಿಳಿ ಬಣ್ಣದ ನಂಬರು: ಆಸ್ತಿ ೧೭.

ತಂದ ದಿನದಿಂದ ಅದಕ್ಕ ಒಂದೇ ತಾರೀಖು:
ಎರಡು ಸಾವಿರದ ಎರಡು, ಜನವರಿ ಒಂದು.
ನಾ ಗ್ವಾಡಿ ಕ್ಯಾಲೆಂಡರ್ ನೋಡಿ
ಇಂದು ಇಂಥಾ ದಿನಾ ಅಂತ ಹೇಳಬೇಕು,
ನಿದ್ದಿಗಣ್ಣಿನ ಕೂಸಿಗೆ ಹೇಳಿದಂಗ.
ಹೇಳಿದರ ಒಪ್ಪಿಕೊಂತೈತಿ, ತಕರಾರಿಲ್ಲ.
ಕರೆಂಟು ಹೋತು ಅಂದರ ಮತ್ತ ಅಲ್ಲಿಗೇ.

ಹುಬ್ಬಳ್ಳಿ ಅಂಗಡಿಯಾಂವ ಮುಚ್ಚಳಾ ಸೈತ ತೆಗೀಲಿಲ್ಲ.
‘ಅಕ್ಕಾರ, ಇದು ತೂಕಕ್ಕ ಹಾಕೂದು’ ಅಂದ.
ಅವನ ಹೊಸಾ ಮಷಿನ್ಯಾಗ
ನನ್ನದೊಂದು ಹಳೇ ಫೈಲು ತೆರೆದು ನೋಡಿದೆ:
ವಧು ಇದ್ದಲ್ಲಿ ಚೌಕ, ವರ ಇದ್ದಲ್ಲಿ ಚೌಕ,
ಮುಹೂರ್ತದ ಜಾಗಾದಾಗ ಮೂರು ಪ್ರಶ್ನೆ ಚಿಹ್ನೆ.
ಡಬ್ಬಿ ಬಗಲಾಗ ಹೊತ್ತುಕೊಂಡು ಗದಗ ಬಸ್ಸು ಹತ್ತಿದೆ.
ಕಂಡಕ್ಟರ್ ಅದಕ್ಕೊಂದು ಅರ್ಧ ಟಿಕೀಟು ಹರಿದ.

ಇಮಾಮಜಾಫರ ನರೇಗಲ್ಲ ಬಂದ, ಶುಕ್ರವಾರ ನಮಾಜು ಮುಗಿಸಿ.
ಸೈಕಲ್ ಪಂಪು ಹೊಡೆದ.
ಒಳಗಿಂದ ಬಂತು ಬಾಜೂ ಮನಿ ಮಗ್ಗದ ನೂಲು:
ಹಸಿರು ಎಳಿ, ಹಳದಿ ಎಳಿ, ಒಂದೀಟು ಜರಿ,
ಪಂಖಾದ ಸುತ್ತ ಗುಬ್ಬಿಗೂಡಿನಷ್ಟು.
‘ಕೆಟ್ಟಿಲ್ರಿ ಇದು, ಉಸಿರು ಕಟ್ಟೇತಿ.’
ಮಗಳ ಕಂಪಾಸ್ ಪೆಟ್ಟಿಗ್ಯಾಗಿನ ರಬ್ಬರು ಇಸಗೊಂಡು
ಮೆಮರಿ ಪಟ್ಟಿಯ ಬಂಗಾರದ ಹಲ್ಲು ತಿಕ್ಕಿದ.
ಚೀಲದಾಗಿಂದ ಇನ್ನೊಂದು ಪಟ್ಟಿ ತೆಗೆದ, ಯಾವದೋ ಸತ್ತ ಯಂತ್ರದ್ದು,
ಮಗ್ಗಲಕ್ಕ ಕೂಡಿಸಿದ. ಇಂಟರ್‌ನೆಟ್ ವಾಯರು ಕಿತ್ತ:
‘ಇದು ಇನ್ನ ಊರ ತಿರಗೂದು ಬ್ಯಾಡ.
ಟೈಪ್ ಮಾಡಲಿ, ಪ್ರಿಂಟ್ ಕೊಡಲಿ, ಮನ್ಯಾಗಿರಲಿ.’
ಇದೇ ಮಾತು ಒಂದಾನೊಂದು ಕಾಲಕ್ಕ ನನಗೂ ಹೇಳಿದ್ದರು
ಅನ್ನಾಕ ಹೋದೆ. ಅನ್ನಲಿಲ್ಲ.

ಅದೇ ವಾರ ಬಂದಳು ಫಕೀರವ್ವ ಜಂತ್ಲಿ.
ಹದಿನಾಲ್ಕು ವರ್ಷದ ಮ್ಯಾಲೆ ಲಗ್ನಾ ನೋಂದಣಿ ಮಾಡಸಬೇಕಂತ,
ಕಚೇರ್ಯಾಗ ಪತ್ರಿಕಿ ಕೇಳ್ಯಾರ.
‘ನೀವ ಮಾಡಿಕೊಟ್ಟಿದ್ರಿ. ಮನ್ಯಾಗಿದ್ದದ್ದು ಇಲಿ ತಿಂದಾವ.’
ಹೆಸರು ಹೊಡೆದೆ, ಸಿಗಲಿಲ್ಲ. ವರ್ಷ ಹೊಡೆದೆ, ಸಿಗಲಿಲ್ಲ.
ಆಮ್ಯಾಲೆ ನೆನಪಾತು:
ತಾರೀಖು ತುಂಬದ ದಿನಗಳು,
ಅವಸರದ್ದು, ಜ್ವರದ್ದು, ನಮ್ಮವರು ದವಾಖಾನ್ಯಾಗಿದ್ದ ವಾರದ್ದು,
ಎಲ್ಲಾ ಒಂದೇ ದಿನದಾಗ ಒತ್ತಿಕೊಂಡು ಕೂತಾವ.
ಎರಡು ಸಾವಿರದ ಎರಡು, ಜನವರಿ ಒಂದು.
ಅವತ್ತು ಅರವತ್ತೊಂದು ಲಗ್ನ, ಹನ್ನೊಂದು ತೊಟ್ಟಿಲ, ನಾಲ್ಕು ಪುಣ್ಯತಿಥಿ,
ಮತ್ತ ಒಂದು ಹಿಟ್ಟಿನ ಗಿರಣಿ ಉದ್ಘಾಟನಿ.
ನಲವತ್ತನೆಯ ಲಗ್ನ ಫಕೀರವ್ವನದು.
ಅಕ್ಷರ ಒಂದೂ ಮುರಿದಿರಲಿಲ್ಲ.
ಆಕಿ ಪರದಿಗೆ ಬೊಟ್ಟು ಹಚ್ಚಿ ಓದಿದಳು,
ಬೀಗರ ಹೆಸರು ದಾಟಿದಳು.
ಅಪ್ಪನ ಹೆಸರಿನ ಮುಂದ ‘ಲಿಂ.’ ಇರಲಿಲ್ಲ,
ಬೊಟ್ಟು ಅಲ್ಲೇ ಇಟ್ಟು ನಿಂತಳು.
ಪ್ರಿಂಟಿಗೆ ಹತ್ತು ರೂಪಾಯಿ ಇಸಗೊಂಡೆ.

ಸೋಮವಾರ ಇಮಾಮಜಾಫರ ಮರೆತದ್ದೊಂದು ತಂದ:
ನಾಣ್ಯದಷ್ಟು ಬ್ಯಾಟರಿ, ಇಪ್ಪತ್ತು ರೂಪಾಯಿ.
‘ಇಷ್ಟು ವರ್ಷ, ಇಷ್ಟರ ಸಲುವಾಗಿ?’
‘ಇಷ್ಟರ ಸಲುವಾಗೇರಿ.’

ಈಗ ಅದಕ್ಕ ದಿನಾ ಗೊತ್ತು.
ಚಾ ಕುದಿ ಹತ್ತೂದರೊಳಗ ಪರದಿ ನೀಲಿ.
ನನ್ನ ಕಣ್ಣು ಮಾತ್ರ ಇನ್ನೂ ಗ್ವಾಡಿಗೆ ಹೋಗತಾವ,
‘ಇಂದು ಮಂಗಳವಾರ’ ಅಂತೀನಿ,
ಯಾರೂ ಕೇಳಿರೂದಿಲ್ಲ.

ನೂಲಿನ ಗೂಡು ಮೇಜಿನ ಖಾನ್ಯಾಗ ಇಟ್ಟೀನಿ.
ಬಾಜೂ ಮನಿ ನಾಗೋಸಾ ಮೊನ್ನೆ ಬೆಳಕಿಗೆ ಹಿಡಿದು ನೋಡಿದ.
‘ಈ ಹಸಿರು ನಾವು ನೇಯೂದು ಬಿಟ್ಟು ಎಂಟು ವರ್ಷಾತು’ ಅಂದ,
ಒಂದೆಳಿ ಜಗ್ಗಿಕೊಂಡು ಬಟ್ಟಿಗೆ ಸುತ್ತಿಕೊಂಡ.